ವಾಪಸ್ ಗುಂಡಿ

ಹೋದ ವಾರ ಮನೆಗೆ ಒಬ್ಬಳು ಬಂದು ನಮ್ಮ ಯಜಮಾನರ ಫೋಟೋ ಕೇಳಿದಳು. ಮಕ್ಕಳ ಚೆಸ್ ಕ್ಲಬ್ಬಿನ ಕೋಣೆಯಲ್ಲಿ ಹಾಕುತ್ತಾರಂತೆ. ನಾನು ಕೊಡಲಿಲ್ಲ. ಮಾರನೆಯ ದಿನದಿಂದಲೇ ಬೀದಿಯಲ್ಲಿ ಗುಸುಗುಸು: ಸತ್ತ ಗಂಡನಿಗೆ ಸಿಗುವ ಮರ್ಯಾದೆಗೂ ಈ ಮುದುಕಿ ಅಡ್ಡ ಮಲಗಿದಳು ಅಂತ. ಹೌದು, ಮಲಗಿದೆ. ಯಾಕೆ ಅಂತ ಹೇಳಬೇಕಾದರೆ ಆ ಕೋಣೆಯ ಬೀಗದ ಕೈ ಅವರ ಕೈಬಿಟ್ಟು ಹೇಗೆ ಹೋಯಿತು ಅನ್ನುವುದನ್ನು ಹೇಳಬೇಕು. ಅದನ್ನು ಕಂಡವರಲ್ಲಿ ಕೆಲವರು ಸತ್ತರು, ಉಳಿದವರು ಮರೆತರು. ಮರೆತರೆ ಅನುಕೂಲ ಇರುವವರಿಗೆ ಮರೆವು ಬೇಗ ಬರುತ್ತದೆ. ನನಗೆ ಅಂಥ ಅನುಕೂಲ ಯಾವುದೂ ಇಲ್ಲ.

ನಮ್ಮ ಯಜಮಾನರು ಟೈಲರ್. ಸೂಟುಬೂಟಿನ ದೊಡ್ಡ ಟೈಲರ್ ಅಲ್ಲ, ಸ್ಕೂಲ್ ಮಕ್ಕಳ ಯೂನಿಫಾರಂ ಹೊಲಿಯುವವರು. ಅಂಗಡಿ ಒಂದೇ ಬಾಗಿಲಿನದು. ಒಂದು ಪಕ್ಕಕ್ಕೆ ಸೈಕಲ್ ರಿಪೇರಿ, ಇನ್ನೊಂದು ಪಕ್ಕಕ್ಕೆ ಬೇಕರಿ; ನಮ್ಮ ಬಟ್ಟೆಗೆ ಒಂದು ತುದಿಯಲ್ಲಿ ಗ್ರೀಸಿನ ವಾಸನೆ, ಇನ್ನೊಂದು ತುದಿಯಲ್ಲಿ ಬ್ರೆಡ್ಡಿನ ವಾಸನೆ. ಮುಂದೆ ಅವರ ಮಿಷನ್ನು, ನಡುವೆ ಬಟ್ಟೆ ಕತ್ತರಿಸುವ ಉದ್ದ ಮೇಜು, ಹಿಂದೆ ಗೋಡೆಗೆ ಒರಗಿಕೊಂಡು ನಾನು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚಿಗೆ ಕೈಹೊಲಿಗೆ ಹಾಕುವುದು ನನ್ನ ಪಾಲಿನ ಕೆಲಸ. ಮದುವೆಯಾದ ಹೊಸದರಲ್ಲಿ ಒಮ್ಮೆ, "ಅಂಗಿ ಹೊಲಿಯೋದು ನಾನು, ಅದು ಮೈಮೇಲೆ ನಿಲ್ಲೋ ಹಾಗೆ ಮಾಡೋದು ನೀನು" ಅಂದಿದ್ದರು. ಅಷ್ಟು ಉದ್ದದ ಹೊಗಳಿಕೆ ಮತ್ತೆ ಆ ಬಾಯಿಂದ ಬರಲಿಲ್ಲ. ಗುಂಡುಸೂಜಿ ಕಚ್ಚಿಕೊಂಡಿರುವ ಬಾಯಿಂದ ಎಷ್ಟು ಮಾತು ಬಂದೀತು.

ನಮಗೆ ಮಕ್ಕಳಾಗಲಿಲ್ಲ. ಆ ಕೊರಗಿಗೇ ಊರ ಮಕ್ಕಳನ್ನು ಸೇರಿಸಿಕೊಂಡರು ಅಂತ ಆಮೇಲೆ ಜನ ಕತೆ ಕಟ್ಟಿದರು. ಕೊರಗೂ ಇಲ್ಲ, ಮಣ್ಣೂ ಇಲ್ಲ. ಮಕ್ಕಳ ಕಾಟ ತಡೆಯಲಾರದೆ ಶುರುವಾದ ಆಟ ಅದು.

ನಮ್ಮ ಬೀದಿಯ ಕೊನೆಯಲ್ಲಿ ಸ್ಕೂಲು, ಅದರಾಚೆ ಬಿಸ್ಕತ್ ಫ್ಯಾಕ್ಟರಿ. ಸ್ಕೂಲು ಬಿಡುವುದು ಮೊದಲು, ಫ್ಯಾಕ್ಟರಿಯ ಸೈರನ್ ಆಗುವುದು ಎಷ್ಟೋ ಹೊತ್ತಿನ ಮೇಲೆ. ಆ ನಡುವಿನ ಹೊತ್ತಿಗೆ ಫ್ಯಾಕ್ಟರಿ ಹೆಂಗಸರ ಮಕ್ಕಳಿಗೆ ಬೀದಿಯೇ ತಾಯಿ. ಬೇಕರಿಯವರು ಅಟ್ಟಿದರೆ ಸೈಕಲ್ ಅಂಗಡಿ, ಅವರು ಅಟ್ಟಿದರೆ ನಮ್ಮದು. ರೀಲು ಬಿಚ್ಚುತ್ತಿದ್ದವು, ಟೇಪು ಎಳೆಯುತ್ತಿದ್ದವು, ಕತ್ತರಿಸಿಟ್ಟ ತೋಳಿಗೆ ಕಾಲು ತೂರಿಸಿ ಪ್ಯಾಂಟು ಅನ್ನುತ್ತಿದ್ದವು. ಒಂದು ದಿನ ಇವರಿಗೆ ತಲೆ ಕೆಟ್ಟು, ಸೀಮೆಸುಣ್ಣ ತೆಗೆದುಕೊಂಡು ಮೇಜಿನ ತುದಿಯಲ್ಲಿ ಚೌಕ ಚೌಕ ಗೀಚಿದರು. ನೂಲು ಮುಗಿದ ರೀಲುಗಳನ್ನು ರಾಜ, ಮಂತ್ರಿ, ಆನೆ, ಕುದುರೆ, ಒಂಟೆ ಅಂತ ನಿಲ್ಲಿಸಿದರು. ಸಿಪಾಯಿಗಳಿಗೆ ಗುಂಡಿ.

"ಇನ್ಮೇಲೆ ಈ ಅಂಗಡೀಲಿ ಕೈ ಆಡಿಸೋದಾದ್ರೆ ಇದರ ಮೇಲೆ ಮಾತ್ರ" ಅಂದರು.

ಅವರೇನು ಮಹಾ ಆಟಗಾರರಲ್ಲ. ಸ್ವಲ್ಪ ಬಲಿತ ಹುಡುಗರು ಅವರನ್ನು ಸಲೀಸಾಗಿ ಸೋಲಿಸುತ್ತಿದ್ದರು. ಮೀಸೆ ಬರುವ ಮೊದಲೇ ಅವರಿಗೆ ಎದೆರೋಗ ಬಂದು ಕ್ಷಯದ ಆಸ್ಪತ್ರೆಯಲ್ಲಿ ಬಹಳ ಕಾಲ ಮಲಗಿದ್ದರು. ಪಕ್ಕದ ಮಂಚದ ಮುದುಕ ಹೊತ್ತು ಕಳೆಯಲಿಕ್ಕೆ ಈ ಆಟ ಕಲಿಸಿದ. ಜ್ವರದಲ್ಲಿ ಕೈ ತಪ್ಪುತ್ತದೆ ಅಂತ ತನ್ನ ಅಂಗಿಯ ಗುಂಡಿ ಕಿತ್ತು ಕೊಟ್ಟು ಒಂದು ಕಟ್ಟಳೆ ಮಾಡಿದನಂತೆ. ಒಂದು ಆಟಕ್ಕೆ ಒಂದು ಗುಂಡಿ. ಅದನ್ನು ಎದುರಾಳಿಗೆ ಕೊಟ್ಟರೆ ಒಂದು ನಡೆ ವಾಪಸ್ ತೆಗೆದುಕೊಳ್ಳಬಹುದು. ಆದರೆ ಸುಮ್ಮನೆ ಅಲ್ಲ. ತನ್ನ ಕಣ್ಣು ಎಲ್ಲಿ ತಪ್ಪಿತು ಅಂತ ಬಾಯಿಬಿಟ್ಟು ಹೇಳಬೇಕು. ಹೇಳಲಾರದವನಿಗೆ ವಾಪಸ್ ಇಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಮಂಚದ ಹಾಸಿಗೆ ಸುತ್ತಿಟ್ಟಿದ್ದರಂತೆ. ಗುಂಡಿ ಇವರ ಹತ್ತಿರ ಉಳಿಯಿತು, ಕಟ್ಟಳೆಯೂ ಉಳಿಯಿತು.

ಅದನ್ನೇ ಈ ಮಕ್ಕಳಿಗೂ ಹಾಕಿದರು. ಬಂದ ಕೂಡಲೇ ಡಬ್ಬಿಯಿಂದ ಒಬ್ಬೊಬ್ಬರಿಗೂ ಒಂದೊಂದು ಕೋಟಿನ ಗುಂಡಿ. ಮಕ್ಕಳು ಅದಕ್ಕೆ ವಾಪಸ್ ಗುಂಡಿ ಅಂತ ಹೆಸರಿಟ್ಟವು, ಇವರಿಗೆ ಗುಂಡಿ ಮೇಷ್ಟ್ರು ಅಂತ. ಕಾಜಾ ಹಾಕುತ್ತಾ ಕೂತ ನನಗೆ ಆ ಪಂಚಾಯ್ತಿ ಕೇಳುವುದೇ ಒಂದು ಮನರಂಜನೆ.

"ಮೇಷ್ಟ್ರೇ, ಗುಂಡಿ ಕೊಟ್ಟೆ, ವಾಪಸ್."

"ಎಲ್ಲಿ ತಪ್ತು, ಹೇಳು."

"ಇವನು ಮೋಸ ಮಾಡ್ದ."

"ಅವನ ತಪ್ಪು ಅವನು ಹೇಳ್ಕೋತಾನೆ. ನಿನ್ನದು ಹೇಳು."

"ನನ್ನ ಗ್ರಹಚಾರ ಸರಿ ಇಲ್ಲ ಮೇಷ್ಟ್ರೇ."

"ಹೌದಾ. ಗ್ರಹಚಾರ ಯಾವ ಮನೇಲಿ ನಿಂತಿದೆ, ಬೆರಳಿಟ್ಟು ತೋರ್ಸು."

ಹುಡುಗ ಚೌಕದ ಮೇಲೆ ಬೆರಳಾಡಿಸುತ್ತಾ ಆಡಿಸುತ್ತಾ, ಕೊನೆಗೆ ಎದುರಾಳಿಯ ಒಂಟೆಯ ಮೇಲೆ ಬಂದು ನಿಲ್ಲುತ್ತಿದ್ದ. "ಓ, ಇದನ್ನ ನೋಡಿರಲಿಲ್ಲ." ಅಷ್ಟು ಸಾಕು, ನಡೆ ವಾಪಸ್. ಸೋತವು ಅಳುತ್ತಿರಲಿಲ್ಲ. ಗೆದ್ದವು ಕುಣಿಯುತ್ತಿರಲಿಲ್ಲ. ತಪ್ಪು ಹೇಳುವುದಕ್ಕೆ ನಾಚಿಕೆ ಇಲ್ಲದ ಮಕ್ಕಳನ್ನು ನಾನು ಅಲ್ಲಿ ಬಿಟ್ಟು ಬೇರೆಲ್ಲೂ ಕಾಣಲಿಲ್ಲ. ದೊಡ್ಡವರಲ್ಲಂತೂ ಇಲ್ಲವೇ ಇಲ್ಲ.

ಆ ಗುಂಪಿನಲ್ಲಿ ಒಂದು ಹುಡುಗಿ. ಗುಂಡಗೆ, ಕುಳ್ಳಗೆ, ಯಾವಾಗ ನೋಡಿದರೂ ಆನೆಯನ್ನೇ ನಡೆಸಬೇಕು ಅವಳಿಗೆ. ಅದಕ್ಕೇ ಆನೆಮರಿ ಅಂತ ಕರೆಯುತ್ತಿದ್ದೆವು. ಮೊದಲ ದಿನ ಸಿಪಾಯಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡಳು, ನಾನು ಬೆರಳು ಹಾಕಿ ತೆಗೆಯಬೇಕಾಯಿತು. ಅವಳ ತಾಯಿ ಫ್ಯಾಕ್ಟರಿಯ ಪ್ಯಾಕಿಂಗ್‌ನಲ್ಲಿ. ಬಂದರೆ ಕೈಯೆಲ್ಲ ಬಿಸ್ಕತ್ತಿನ ಸಿಹಿ ವಾಸನೆ. ನನ್ನನ್ನು ಅಕ್ಕ ಅನ್ನುತ್ತಿದ್ದಳು. ಸೈರನ್ ಆಗುವ ತನಕ ಆ ಮಗುವಿನ ತಲೆ ಬಾಚಿದ್ದು, ಕೈಕಾಲು ತೊಳೆದದ್ದು, ಹೊಟ್ಟೆಗೆ ಹಾಕಿದ್ದು ಎಲ್ಲ ನಾನೇ. ಓವರ್‌ಟೈಮ್ ಇದ್ದ ದಿನ ನಮ್ಮ ಮನೆಯಲ್ಲೇ ನಿದ್ದೆ.

"ಅಕ್ಕ, ಇವಳನ್ನ ಹೆತ್ತಿದ್ದು ನಾನು ಅಷ್ಟೇ" ಅನ್ನುತ್ತಿದ್ದಳು ತಾಯಿ. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಮಕ್ಕಳು ಹೆಚ್ಚಾದವು. ಅಂಗಡಿಯಲ್ಲಿ ಅಳತೆ ಕೊಡಲು ಬಂದವರಿಗೆ ನಿಲ್ಲಲಿಕ್ಕೆ ಜಾಗ ಇಲ್ಲ. ಆಗ ಇವರು ಸಮುದಾಯ ಭವನದ ಹಿಂದಿನ ಕೋಣೆ ಕೇಳಿಕೊಂಡು ಬಂದರು. ಮುರಿದ ಕುರ್ಚಿ ತುಂಬಿದ್ದ ಕೋಣೆ, ಒಂದೇ ಕಿಟಕಿ. ನಾವಿಬ್ಬರೂ ಗುಡಿಸಿದೆವು, ಆನೆಮರಿಯ ತಾಯಿ ಸುಣ್ಣ ಬಳಿದಳು. ಹಳೆಯ ಮಿಷನ್‌ಗಳ ಮೇಲಿನ ಹಲಗೆಗಳನ್ನು ಬಿಚ್ಚಿ ತಂದು ಮೇಜು ಮಾಡಿದರು. ಭವನದ ಕಾವಲುಗಾರ ಬೀಗದ ಕೈ ಕೊಟ್ಟ ದಿನ ಇವರು ಅದನ್ನು ಅಳತೆ ಟೇಪಿನ ತುದಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡರು. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆಯುತ್ತಿದ್ದರು. ನಾನು ತಮಾಷೆಗೆ, "ನನಗೆ ತಾಳಿ ಕಟ್ಟಿದೋರು ನೀವು, ನಿಮಗೆ ಕಟ್ಟಿದ್ದು ಆ ಕೋಣೆ" ಅನ್ನುತ್ತಿದ್ದೆ.

ಮಕ್ಕಳು ಬೇರೆ ಸ್ಕೂಲುಗಳ ಮೇಲೆ ಆಡಿ ಗೆದ್ದವು. ಒಂದು ಸಲ ಅಲ್ಲ, ಹೋದಲ್ಲೆಲ್ಲ. ಹೊರಗಿನ ಪಂದ್ಯಕ್ಕೆ ಹೊರಡುವ ಮೊದಲು ಇವರು ಪ್ರತಿ ಸಲ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದರು: "ಅಲ್ಲಿ ಗುಂಡಿ ನಡೆಯಲ್ಲ. ಅಲ್ಲಿ ಮುಟ್ಟಿದ ಕಾಯಿ ನಡೆಸಲೇಬೇಕು." ಮಕ್ಕಳು ಒಕ್ಕೊರಲಿನಿಂದ ಹೂಂಗುಟ್ಟುತ್ತಿದ್ದವು. ಯಾರೂ ತಪ್ಪಿರಲಿಲ್ಲ.

ಪೇಪರಿನಲ್ಲಿ ಕ್ಲಬ್ಬಿನ ಹೆಸರು ಬಂತು. ಬಂದದ್ದೇ ತಡ, ದೂರದ ಬೀದಿಗಳಿಂದ ಕಾರಿನಲ್ಲಿ ಮಕ್ಕಳು ಬಂದಿಳಿದವು. ಮಕ್ಕಳ ಹಿಂದೆ ಅಪ್ಪಂದಿರು. ಅವರಲ್ಲಿ ದೊಡ್ಡ ರಸ್ತೆಯ ಮೆಡಿಕಲ್ ಅಂಗಡಿಯವರು ಒಬ್ಬರು. ಬಾಯಿ ತೆಗೆದರೆ ಬೆಲ್ಲ. "ಮೇಷ್ಟ್ರೇ, ನೀವು ಮಾಡಿದ್ದು ಸಣ್ಣ ಕೆಲಸ ಅಲ್ಲ. ಇದನ್ನ ಒಂದು ಕ್ರಮಕ್ಕೆ ತರಬೇಕು" ಅಂದರು. ಕ್ರಮ ಅಂದರೆ ಕಮಿಟಿ. ಅವರೇ ಅಧ್ಯಕ್ಷರು. ಇವರು ಗೌರವ ಸ್ಥಾಪಕರು. ಶಾಲು ಹೊದಿಸಿ ಕೂರಿಸಿದರು. ಶಾಲು ಹೊದಿಸಿದ ಮೇಲೆ ಕೈ ಆಡಿಸುವುದು ಕಷ್ಟ, ಅದು ಇವರಿಗೆ ಹೊಳೆಯಲಿಲ್ಲ.

ಕೋಣೆಗೆ ಒಂದೊಂದು ನಡೆಗೂ ಒತ್ತುವ ಆಟದ ಗಡಿಯಾರ ಬಂದವು, ಒಳ್ಳೆಯ ದೀಪ ಬಂತು. ಹೊಸದಾಗಿ ಸೇರುವವರಿಗೆ ಪರೀಕ್ಷೆ ಬಂತು. ಫ್ಯಾಕ್ಟರಿ ಮಕ್ಕಳು ಒಂದೊಂದಾಗಿ ಹೊರಗುಳಿದವು. ಆಮೇಲೆ ಗುಂಡಿಯ ಮಾತು ಬಂತು.

"ಪಂದ್ಯಕ್ಕೆ ಹೋಗೋ ಮಕ್ಕಳಿಗೆ ಅದೊಂದು ಕೆಟ್ಟ ಚಾಳಿ ಮೇಷ್ಟ್ರೇ" ಅಂದರು ಅಧ್ಯಕ್ಷರು.

"ಅವರಿಗೆ ಬೇಡ ಅಂದ್ರೆ ಬೇಡ. ಚಿಕ್ಕೋರಿಗೆ ಇರ್ಲಿ" ಅಂದರು ಇವರು.

ನನಗೆ ಸಿಟ್ಟು ಬಂತು. ಗೆದ್ದಲು ಕಟ್ಟಿದ ಹುತ್ತ, ಹಾವು ಬಂದು ಸೇರಿಕೊಂಡು ಗೆದ್ದಲಿಗೇ ದಾರಿ ಹೇಳಿಕೊಡುತ್ತಿದೆ. ಇವರಿಗೆ ಅದನ್ನೇ ಅಂದೆ. "ಬೀಗದ ಕೈ ನನ್ನ ಹತ್ರ ಇದೆಯಲ್ಲ" ಅಂತ ಕೊರಳು ಮುಟ್ಟಿ ತೋರಿಸಿದರು. ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಬಾಗಿಲು ತೆಗೆಯುವುದು, ಮಕ್ಕಳು ನುಗ್ಗುವುದನ್ನು ನೋಡುವುದು, ಕೊನೆಗೆ ದೀಪ ಆರಿಸಿ ಬರುವುದು.

ಆನೆಮರಿ ಆಗ ದೊಡ್ಡ ಪಂದ್ಯಕ್ಕೆ ಆರಿಸಿಬಂದಿದ್ದಳು. ಅದರಲ್ಲಿ ಗೆದ್ದ ಮಗುವಿಗೆ ದೂರದ ಊರಿನ ಹಾಸ್ಟೆಲ್‌ನಲ್ಲಿ ಸೀಟು. ಓದು, ಊಟ, ಆಟದ ತರಬೇತಿ ಎಲ್ಲ ಅಲ್ಲೇ. ತಾಯಿ ಅದೇ ಜಪ ಮಾಡುತ್ತಿದ್ದಳು. ಮಗಳು ಬಿಸ್ಕತ್ ಪ್ಯಾಕ್ ಮಾಡಬಾರದು, ಅಷ್ಟೇ ಅವಳ ಆಸೆ. ಕಮಿಟಿಯವರು ಪಂದ್ಯಕ್ಕೆ ಹೋಗುವ ಮಕ್ಕಳಿಗೆ ನೀಲಿ ಕೋಟು ಹೊಲಿಸಿದರು. ಹೊಲಿದವರು ಇವರು, ಗುಂಡಿ ಹಾಕಿದವಳು ನಾನು. ಕೋಟು ಅಂದರೆ ಒಳಗಿನ ಹೊಲಿಗೆಯಲ್ಲಿ ಒಂದು ಹೆಚ್ಚಿನ ಗುಂಡಿ ಹಾಕಿಡುವುದು ನಮ್ಮ ಕಸುಬಿನ ಪದ್ಧತಿ. ಹೊರಗಿನದು ಬಿದ್ದುಹೋದರೆ ಅದೇ ಬಣ್ಣದ್ದು ಹುಡುಕಿಕೊಂಡು ಎಲ್ಲಿ ಹೋಗುತ್ತಾರೆ.

ಅಳತೆ ನೋಡಲು ಹಾಕಿಕೊಂಡಾಗ ಆನೆಮರಿ ಒಳಗೆ ಕೈ ಹಾಕಿ ತಡವಿದಳು. "ಅಮ್ಮಾ, ಇದೇನು ಒಳಗೊಂದು?"

"ಬಿದ್ದುಹೋದ್ರೆ ಇರ್ಲಿ ಅಂತ."

"ಹಾಗಾದ್ರೆ ಇದು ವಾಪಸ್ ಗುಂಡಿನೇ" ಅಂತ ನಕ್ಕಳು.

ತೋಳಿನ ಉದ್ದ ನೋಡುತ್ತಿದ್ದ ಇವರು ಬಾಯಿಂದ ಗುಂಡುಸೂಜಿ ತೆಗೆದರು. ಸೂಜಿ ಕಚ್ಚಿಕೊಂಡು ಹೇಳುವ ಮಾತಲ್ಲ ಅಂತ. "ಅಲ್ಲಿ ಅದು ನಡೆಯಲ್ಲ ಕಣೇ. ಅಲ್ಲಿ ಮುಟ್ಟಿದ ಕಾಯಿ ನಡೆಸಲೇಬೇಕು. ತಲೇಲಿರ್ಲಿ."

"ಗೊತ್ತು ಮೇಷ್ಟ್ರೇ" ಅಂದಳು. ಅಂಗಡಿಯಲ್ಲಿ ನಾವು ಮೂವರೇ ಇದ್ದೆವು.

ಪಂದ್ಯ ನಡೆದದ್ದು ಒಂದು ಕಾಲೇಜಿನ ಹಾಲಿನಲ್ಲಿ. ಮೇಲಿನ ಗ್ಯಾಲರಿಯಲ್ಲಿ ನಾನು, ಆನೆಮರಿಯ ತಾಯಿ ಕೈ ಕೈ ಹಿಡಿದು ಕೂತಿದ್ದೆವು. ಬೆಳಗಿನಿಂದ ಆಡಿ ಆಡಿ ಮಗು ಸೋತು ಸುಣ್ಣವಾಗಿತ್ತು. ಆದರೂ ಕೊನೆಯ ಆಟದಲ್ಲಿ ಅವಳದೇ ಕೈ ಮೇಲು. ವರ್ಷಗಟ್ಟಲೆ ನೋಡಿ ನೋಡಿ ಅಷ್ಟು ನನಗೂ ತಿಳಿಯುತ್ತಿತ್ತು. ಆನೆ ನಡೆಸಿದಳು, ಗಡಿಯಾರ ಒತ್ತಿದಳು. ಎದುರಿಗಿದ್ದ ಕನ್ನಡಕದ ಹುಡುಗ ಕುದುರೆಯ ಕಡೆ ಕೈ ಎತ್ತಿದ. ಅವಳ ಮುಖ ಬದಲಾಯಿತು.

ಆಮೇಲೆ ನಡೆದದ್ದನ್ನು ನಮ್ಮ ಕ್ಲಬ್ಬಿನ ಮಗುವಲ್ಲದೆ ಇನ್ಯಾವ ಮಗುವೂ ಮಾಡುತ್ತಿರಲಿಲ್ಲ. ಆನೆಯನ್ನು ಹಿಂದಕ್ಕೆ ಇಟ್ಟಳು. ಕೋಟಿನೊಳಗೆ ಕೈ ಹಾಕಿ ನಾನು ಹೊಲಿದ ಗುಂಡಿಯನ್ನು ಜಗ್ಗಿ ಕಿತ್ತಳು. ಮೇಜಿನ ಮೇಲೆ ಆ ಹುಡುಗನ ಕಡೆಗೆ ಸರಿಸಿದಳು. ಗುಂಡುಸೂಜಿ ಬಿದ್ದರೂ ಕೇಳುವಂಥ ಹಾಲಿನಲ್ಲಿ, ನಮ್ಮ ಕೋಣೆಯಲ್ಲಿ ಹೇಳುವ ಹಾಗೇ ಹೇಳಿದಳು: "ಇಲ್ಲಿ ನನ್ನ ಕಣ್ಣು ತಪ್ಪಿತು. ಆನೆ ಕಾಯ್ತಿದ್ದ ಮನೆಗೆ ಕುದುರೆ ಹಾರುತ್ತೆ. ರಾಜನಿಗೆ ಚೆಕ್ ಕೊಟ್ಟು ಮಂತ್ರೀನ ತಗೊಂಡು ಹೋಗುತ್ತೆ."

ಹಾಲಿಗೆ ಹಾಲೇ ನಕ್ಕಿತು. ತೀರ್ಪುಗಾರರು ಬಂದು ಗುಂಡಿಯನ್ನು ಎರಡು ಬೆರಳಲ್ಲಿ ಎತ್ತಿ, "ಇದೇನಮ್ಮ, ಬಟ್ಟೆ ಅಂಗಡಿಯಾ" ಅಂದರು. ಆನೆಯನ್ನು ಮುಂದಕ್ಕೆ ಇಡಿಸಿದರು. ಕುದುರೆ ಅವಳು ಹೇಳಿದ ಮನೆಗೇ ಹಾರಿತು. ತನ್ನ ಸೋಲನ್ನು ತಾನೇ ಓದಿ ಹೇಳಿದ ಹಾಗಾಯಿತು. ಮುಂದೆ ಆಡಲಿಲ್ಲ ಅವಳು, ಕಾಯಿ ಸರಿಸಿದಳು ಅಷ್ಟೇ. ನನ್ನ ಕೈಯೊಳಗಿದ್ದ ತಾಯಿಯ ಕೈ ಯಾವಾಗಲೋ ಜಾರಿ ಹೋಗಿತ್ತು. ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕೂತಳು.

ಮಾರನೆಯ ಸಂಜೆ ಕಮಿಟಿ ಸೇರಿತು, ಅದೇ ಕೋಣೆಯಲ್ಲಿ. ಅಧ್ಯಕ್ಷರು ಬಹಳ ಮೆತ್ತಗೆ ಶುರುಮಾಡಿದರು. "ಮೇಷ್ಟ್ರ ಮೇಲೆ ನಮಗೆಲ್ಲ ಗೌರವ ಇದೆ. ಈಗ ಪ್ರಶ್ನೆ ಮಗುವಿನ ಭವಿಷ್ಯದ್ದು. ಹಾಸ್ಟೆಲ್‌ನವರು ನನಗೆ ಗೊತ್ತು. ಕಲಿಸಿದವರು ತಪ್ಪು ಕಲಿಸಿದ್ರು ಅಂದ್ರೆ ಇನ್ನೊಂದು ಅವಕಾಶ ಕೇಳಬಹುದು. ಮಗುವೇ ನಿಯಮ ಮುರಿದಿದ್ದು ಅಂದ್ರೆ ನನ್ನ ಕೈಲಿ ಏನೂ ಇಲ್ಲ." ಆಮೇಲೆ ಬಗ್ಗಿ ಆನೆಮರಿಯನ್ನು ಕೇಳಿದರು. "ಹೇಳು ಪುಟ್ಟಿ, ಅಲ್ಲಿ ಗುಂಡಿ ನಡೆಯುತ್ತೆ ಅಂತ ನಿನಗೆ ಯಾರು ಹೇಳಿದ್ದು?"

ಹುಡುಗಿ ತಲೆ ತಗ್ಗಿಸಿ ನಿಂತಿತ್ತು. ಹಿಂದೆ ತಾಯಿ. ತಾಯಿಯ ಕೈ ಮಗಳ ಭುಜದ ಮೇಲಿತ್ತು. ಆ ಬೆರಳುಗಳು ಒತ್ತಿದ್ದನ್ನು ನಾನು ನೋಡಿದೆ.

"ಮೇಷ್ಟ್ರು" ಅಂದಿತು ಮಗು.

ನಾನು ಎದ್ದು ನಿಂತೆ. "ಏನೇ ಅದು, ನನ್ನ ಕಣ್ಣೆದುರಿಗೇ ಹೇಳಿದ್ರಲ್ಲೇ ಅಲ್ಲಿ ನಡೆಯಲ್ಲ ಅಂತ. ಸೂಜಿ ತೆಗೆದು ಹೇಳಿದ್ರು. ಗೊತ್ತು ಮೇಷ್ಟ್ರೇ ಅಂದೆಯಲ್ಲ ನೀನು."

"ಅಮ್ಮಾ, ಕೂತ್ಕೊಳ್ಳಿ, ಮಗು ಹೆದರುತ್ತೆ" ಅಂದರು ಅಧ್ಯಕ್ಷರು.

ಆಗ ತಾಯಿ ಬಾಯಿ ತೆಗೆದಳು. "ಅಕ್ಕ, ನೀವು ಹೆತ್ತೋರಲ್ಲ. ನಿಮಗೆ ಗೊತ್ತಾಗಲ್ಲ, ಬಿಡಿ."

ಹೆತ್ತಿದ್ದು ನಾನು ಅಷ್ಟೇ ಅಂದಿದ್ದವಳು. ಸುಣ್ಣ ಬಳಿದ ಕೈ ಅದು. ನಾನು ಕೂತೆ.

ಎಲ್ಲರೂ ಇವರ ಕಡೆ ನೋಡಿದರು. ಇವರು ಮಗುವನ್ನು ನೋಡುತ್ತಿದ್ದರು. ಗುಂಡಿ ಹಿಡಿದು ನಿಂತ ಮಗುವಿಗೆ ಎಲ್ಲಿ ತಪ್ತು ಅಂತ ಕೇಳಿ, ಉತ್ತರಕ್ಕೆ ಕಾಯುವಾಗ ನೋಡುವ ಹಾಗೆ. ಮಗು ತಲೆ ಎತ್ತಲಿಲ್ಲ. ಬಹಳ ಹೊತ್ತು ಕಾದರು. ಆಮೇಲೆ, "ಹೌದು. ನಾನೇ ಹೇಳಿದ್ದು" ಅಂದರು. ಕೊರಳಿನಿಂದ ಟೇಪು ತೆಗೆದು, ಗಂಟು ಬಿಚ್ಚಿ, ಬೀಗದ ಕೈಯನ್ನು ಹತ್ತಿರದ ಮೇಜಿನ ಮೇಲಿಟ್ಟರು. ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಆ ಒಂದು ಮಾತಿನಿಂದ ಅವರ ಬಾಯಿಗೆ ಮಾತ್ರ ಅಲ್ಲ, ನನ್ನ ಬಾಯಿಗೂ ಬೀಗ ಬಿತ್ತು. ಗಂಡನೇ ಒಪ್ಪಿಕೊಂಡ ಮೇಲೆ ಹೆಂಡತಿಯ ಸಾಕ್ಷಿ ಯಾರಿಗೆ ಬೇಕು.

ದಾರಿಯುದ್ದಕ್ಕೂ ಜಗಳ ಆಡಿದೆ. ಅಂದರೆ ನಾನು ಆಡಿದೆ, ಅವರು ನಡೆದರು.

"ರೀ, ನಾಳೆ ಹೋಗಿ ಅಂದಿದ್ದು ಸುಳ್ಳು ಅಂತ ಹೇಳಿ. ವಾಪಸ್ ತಗೊಳ್ಳಿ ಆ ಮಾತನ್ನ."

"ಮುಟ್ಟಿದ್ದಾಯ್ತು, ನಡೆಸಿದ್ದೂ ಆಯ್ತು."

"ಊರ ಮಕ್ಕಳಿಗೆಲ್ಲ ವಾಪಸ್ ಕೊಟ್ಟೋರು, ನಿಮಗೊಂದು ಗುಂಡಿ ಇಲ್ವಾ?"

"ವಾಪಸ್ ತಗೋಬೇಕಾದ್ರೆ ಎಲ್ಲಿ ತಪ್ತು ಅಂತ ಹೇಳ್ಬೇಕಲ್ಲ" ಅಂದರು. "ನನಗೆ ತಪ್ಪು ಕಾಣ್ತಿಲ್ಲ. ಮಗು ಹಾಸ್ಟೆಲಿಗೆ ಹೋಗ್ಲಿ. ದೊಡ್ಡೋಳಾಗ್ತಾಳೆ. ಬಂದು ಹೇಳ್ತಾಳೆ. ಹೇಳೋದು ಕಲಿಸಿದೀವಲ್ಲ."

ಆನೆಮರಿಗೆ ಸೀಟು ಸಿಕ್ಕಿತು. ಹೊರಡುವ ದಿನ ತಾಯಿ ಮಗಳು ನಮ್ಮ ಅಂಗಡಿಯ ಮುಂದೆ ಬರದೆ ಹಿಂದಿನ ಬೀದಿಯಿಂದ ಬಸ್‌ಸ್ಟ್ಯಾಂಡಿಗೆ ಹೋದರು ಅಂತ ಸೈಕಲ್ ಅಂಗಡಿಯವನು ಹೇಳಿದ. ಕಮಿಟಿಯವರ ಕಡೆಯಿಂದ ಬರುತ್ತಿದ್ದ ಯೂನಿಫಾರಂ ನಿಂತಿತು. ಅದು ದೊಡ್ಡದಲ್ಲ, ಬಟ್ಟೆ ಹೊಲಿಸುವವರು ಇನ್ನೂ ಇದ್ದರು. ಆದರೆ ಸ್ಕೂಲು ಬಿಟ್ಟ ಹೊತ್ತಿಗೆ ಇವರ ಕಾಲು ಮಿಷನ್ನಿನ ಮೇಲೆ ನಿಂತುಬಿಡುತ್ತಿತ್ತು. ಕೈ ಕೊರಳಿಗೆ ಹೋಗಿ ಟೇಪಿನ ತುದಿ ತಡವುತ್ತಿತ್ತು. ಆಮೇಲೆ ಮತ್ತೆ ಮಿಷನ್ ಸದ್ದು.

ರಜೆಗೆ ಹುಡುಗಿ ಊರಿಗೆ ಬಂದಾಗಲೆಲ್ಲ ಇವರು ಮೇಜಿನ ತುದಿ ಒರೆಸಿ ಸೀಮೆಸುಣ್ಣದಲ್ಲಿ ಚೌಕ ಗೀಚಿಡುತ್ತಿದ್ದರು. ಅವಳು ಸಂಜೆ ಎದುರು ಬದಿಯಲ್ಲಿ ನಡೆದುಹೋಗುತ್ತಿದ್ದಳು, ಉದ್ದ ಬೆಳೆದಿದ್ದಳು, ಆನೆಮರಿ ಅನ್ನುವ ಹಾಗಿರಲಿಲ್ಲ.

"ನೋಡಿದ್ರಾ, ಈ ಕಡೆ ತಿರುಗಲೂ ಇಲ್ಲ" ಅಂದರೆ, "ಆ ಕಡೆ ನೆರಳಿದೆ ಕಣೇ, ಅದಕ್ಕೆ" ಅನ್ನುತ್ತಿದ್ದರು.

ಸಂಜೆ ಹೊತ್ತು ನೆರಳು ನಮ್ಮ ಅಂಗಡಿಯ ಕಡೆಗೇ ಇರುತ್ತದೆ. ನಲವತ್ತು ವರ್ಷ ಅದೇ ಬಾಗಿಲಲ್ಲಿ ಕೂತ ಮನುಷ್ಯನಿಗೆ ಅದು ಗೊತ್ತಿಲ್ಲವೇ.

ಕ್ಲಬ್ಬು ಮಾತ್ರ ಬೆಳೆಯಿತು. ಇಲ್ಲ ಅನ್ನಲಾರೆ. ಗೋಡೆಯ ತುಂಬ ಶೀಲ್ಡು, ಗಾಜಿನ ಬಾಗಿಲು. ಪಾಪ ಮಾಡಿದವರ ಮನೆ ಹಾಳಾಗುತ್ತದೆ ಅಂತಾರಲ್ಲ, ನನಗೆ ಕಂಡಂತೆ ಅವರ ಮನೆಗೆ ಇನ್ನೊಂದು ಮಹಡಿ ಬರುತ್ತದೆ.

ಹಳೆಯ ಎದೆರೋಗ ಕೊನೆಗಾಲದಲ್ಲಿ ಮತ್ತೆ ಎದ್ದಿತು. ಮಲಗಿದಲ್ಲಿಂದಲೇ, "ಯಾರಾದ್ರೂ ಬಂದಿದ್ರಾ?" ಅಂತ ಕೇಳುತ್ತಿದ್ದರು. ಯಾರಾದರೂ ಅಂದರೆ ಯಾರು ಅಂತ ಇಬ್ಬರಿಗೂ ಗೊತ್ತು. ಇಲ್ಲ ಅನ್ನುತ್ತಿದ್ದೆ. ಒಂದು ದಿನ ಕೇಳುವುದನ್ನು ನಿಲ್ಲಿಸಿದರು. ಆ ವಾರದಲ್ಲೇ ಹೋದರು. ಕ್ಲಬ್ಬಿನಿಂದ ಒಂದು ಹಾರ ಬಂತು. ಹಿಡಿದು ತಂದವನು ಹೂವಿನಂಗಡಿಯವನು.

ಹೋದ ವಾರ ಫೋಟೋ ಕೇಳಲು ಬಂದವಳು ಆನೆಮರಿ. ಈಗ ಆ ಕ್ಲಬ್ಬಿನಲ್ಲಿ ಅವಳೇ ಮಕ್ಕಳಿಗೆ ಕಲಿಸುವವಳು. ಬೀಗದ ಕೈ ಅವಳದೇ ಕೈಚೀಲದಲ್ಲಿದೆ. ಕೂದಲಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿ ಎಳೆ.

"ಹೇಗಿದೀರ ಅಮ್ಮ?" ಅಂದಳು.

"ಇದೀನಿ. ಕೂತ್ಕೋ."

ಕ್ಲಬ್ಬಿನ ದೊಡ್ಡ ಸಮಾರಂಭ ಇದೆ, ಸ್ಥಾಪಕರ ಫೋಟೋ ಬಾಗಿಲಿಗೆ ಎದುರಾಗಿ ಹಾಕಬೇಕು ಅಂತ ತೀರ್ಮಾನ ಆಗಿದೆ ಅಂದಳು. ಗೋಡೆಯ ಮೇಲಿದ್ದ ಫೋಟೋವನ್ನು ಅವಳು ನೋಡಲಿಲ್ಲ. ನೆಲ ನೋಡಿಕೊಂಡೇ ಹೇಳಿದಳು. ಇಪ್ಪತ್ತೈದು ವರ್ಷದ ಕೆಳಗೆ ತಗ್ಗಿಸಿದ ತಲೆ ಇನ್ನೂ ತಗ್ಗಿಸಿಯೇ ಇದೆ ಅನ್ನಿಸಿತು. ಜೀವ ಇದ್ದಾಗ ತೆಗೆಯದ ಬಾಗಿಲಿನ ಎದುರು ಸತ್ತ ಮೇಲೆ ಮೊಳೆ ಹೊಡೆಯುತ್ತಾರೆ. ಆದರೂ ಒಂದು ಕ್ಷಣ ಆಸೆಯಾಯಿತು. ಹೇಗಾದರೂ ಆಗಲಿ, ಆ ಕೋಣೆಯೊಳಗೆ ಹೋಗಲಿ ಮನುಷ್ಯ. ಮಕ್ಕಳು ನುಗ್ಗುವುದನ್ನು ನೋಡಲಿ.

ಎದ್ದು ಹೋಗಿ ಡಬ್ಬಿ ತೆಗೆದು ಒಂದು ಕೋಟಿನ ಗುಂಡಿ ತಂದು ಅವಳ ಮುಂದೆ ಮೇಜಿನ ಮೇಲಿಟ್ಟೆ.

"ಫೋಟೋ ತಗೊಂಡು ಹೋಗು. ಅಲ್ಲಿ ನೋಡು, ಕೈಗೆ ಸಿಗೋ ಹಾಗೇ ಇದೆ. ಆದ್ರೆ ಕಟ್ಟಳೆ ನಿನಗೆ ಗೊತ್ತಲ್ಲ. ಎಲ್ಲಿ ತಪ್ತು, ಹೇಳು."

ಅವಳಿಗೆ ಅರ್ಥವಾಯಿತು. ಗುಂಡಿಯನ್ನೇ ನೋಡುತ್ತಾ ಕೂತಳು. ಬೆರಳು ಅದರ ಹತ್ತಿರ ಬಂತು, ಮುಟ್ಟಲಿಲ್ಲ. ನಾನು ಕಾದೆ. ಅವರು ಕಾಯುತ್ತಿದ್ದ ಹಾಗೇ 'ಹೇಳು' ಅನ್ನದೆ ಕಾದೆ. ದೊಡ್ಡ ಮಾತೇನೂ ಬೇಕಿರಲಿಲ್ಲ. ಮೇಷ್ಟ್ರು ಹೇಳಿರಲಿಲ್ಲ ಅಂದಿದ್ದರೆ ಸಾಕಿತ್ತು.

"ಅಮ್ಮ, ನಾನು ಆಗ ಮಗು" ಅಂದಳು ಕೊನೆಗೆ.

"ಮಗು ಹೌದು. ಈಗಲ್ಲ."

"ಆಗಿನ ಪರಿಸ್ಥಿತಿ ಹಾಗಿತ್ತು ಅಮ್ಮ."

"ಪರಿಸ್ಥಿತಿ ಯಾವ ಮನೇಲಿ ನಿಂತಿತ್ತು, ಬೆರಳಿಟ್ಟು ತೋರ್ಸು."

ಅವಳು ಎದ್ದಳು. ಚೀಲ ಭುಜಕ್ಕೆ ಹಾಕಿಕೊಂಡಳು. ಒಳಗೆ ಬೀಗದ ಕೈ ಸದ್ದಾಯಿತು. ಬಾಗಿಲ ತನಕ ಹೋಗಿ, "ಪೇಪರಿನಲ್ಲಿ ಬಂದಿದ್ದ ಹಳೇ ಫೋಟೋ ಒಂದು ಕಮಿಟಿ ಹತ್ರ ಇದೆ. ಅದನ್ನೇ ದೊಡ್ಡದು ಮಾಡಿಸ್ತೀವಿ" ಅಂದಳು. ಆ ಫೋಟೋ ನನಗೆ ಗೊತ್ತು. ಅದರಲ್ಲಿ ಅವರ ಮೊಣಕಾಲಿಗೆ ಒರಗಿ, ಕೈಯಲ್ಲಿ ಆನೆ ಹಿಡಿದು ನಿಂತಿರುವವಳು ಇವಳೇ. ಇವಳ ತಲೆಯ ಮೇಲೆ ಅವರ ಕೈ ಇದೆ. ದೊಡ್ಡದು ಮಾಡಿಸುವಾಗ ಕತ್ತರಿಸುತ್ತಾರೆ. ಕೈಯನ್ನು ಏನು ಮಾಡುತ್ತಾರೋ.

ಗುಂಡಿ ಎರಡು ದಿನ ಮೇಜಿನ ಮೇಲೇ ಇತ್ತು, ಅವಳು ತಿರುಗಿ ಬರಲಿಲ್ಲ. ಮೂರನೆಯ ದಿನ ಪಕ್ಕದ ಮನೆಯವರು ಗುಂಡಿ ಹೋದ ಒಂದು ಕೋಟು ತಂದುಕೊಟ್ಟರು. ಬಣ್ಣ ಹೊಂದಿತು. ದಾರ ಪೋಣಿಸಿ ಹೊಲಿದು ಕಳಿಸಿದೆ.